ತಟ್ಟೆಯಲ್ಲಿ ಉಳಿದ ಜುಟ್ಟುಗಳು

ಬತೂಮಿಗೆ ಬಂದ ಎರಡನೇ ದಿನ
ಒಂಬತ್ತಾದರೂ ನಾವು ಎದ್ದಿರಲಿಲ್ಲ.
ಬಾಡಿಗೆ ಕೋಣೆಯ ಒಡತಿ ಲಾಮಾರಾ ಕದ ತಟ್ಟಿ
‘ಬದುಕಿದ್ದೀರಾ?’ ಎಂದು ಕೇಳಿದಳು.
ನುಗ್ಜಾರ್ ದಿಂಬಿನೊಳಗಿಂದಲೇ ಅಂದ:
‘ನಿವೃತ್ತರಾಗಿದ್ದೇವೆ ತಾಯಿ, ಅಷ್ಟೇ.’

ಆಮೇಲೆ ಸಮುದ್ರ.
ಚಿಯಾತೂರದ ಕಣಿವೆಯವರು ನಾವು,
ಕಣ್ಣೆತ್ತಿದರೆ ಬಂಡೆಗೆ ಬಡಿಯುತ್ತಿತ್ತು ನೋಟ;
ಇಲ್ಲಿ ಬಿಟ್ಟರೆ ಹೋಗುತ್ತಲೇ ಇರುತ್ತದೆ,
ಹಿಂದಿರುಗುವುದನ್ನು ಮರೆತ ದನದ ಹಾಗೆ.
ದಡದಲ್ಲಿ ಮರಳಿಲ್ಲ, ಬರೀ ಗುಂಡುಕಲ್ಲು.
ಚಪ್ಪಲಿ ಕೈಯಲ್ಲಿ ಹಿಡಿದು
ಕೆಂಡ ಹಾಯುವವರಂತೆ ನಡೆದೆವು, ನಗುತ್ತ, ಬೈಯುತ್ತ.

ತಿಂಡಿಗೆ ಖಚಾಪುರಿ, ದೋಣಿಯಾಕಾರದ್ದು.
ನಡುವೆ ಕುದಿಯುವ ಚೀಸು, ಮೇಲೊಂದು ಮೊಟ್ಟೆ,
ಕರಗಲು ಹೊರಟ ಬೆಣ್ಣೆ.
ನಮ್ಮೂರಲ್ಲೂ ಮಾಡುತ್ತಾರೆ,
ಆದರೆ ದೋಣಿಗೆ ಕಡಲು ಬೇಕಲ್ಲ.
ನಾನು ಮೂತಿಯಿಂದ, ಅವನು ಬಾಲದಿಂದ
ಮುರಿದು ಅದ್ದುತ್ತ ಬಂದು
ನಡುನೀರಲ್ಲಿ ಭೇಟಿಯಾದೆವು.
ದೋಣಿ ಮುಳುಗಿತು.

ಮಧ್ಯಾಹ್ನ ಹಗ್ಗದ ಗಾಡಿ.
ಬೇಡ ಅಂದೆ ನಾನು. ಮೂವತ್ತೊಂದು ವರ್ಷ
ಮ್ಯಾಂಗನೀಸ್ ಗಣಿಯವರನ್ನು ತಗಡಿನ ಡಬ್ಬಿಯಲ್ಲಿ
ಕಣಿವೆಯ ಈಚೆಯಿಂದ ಆಚೆಗೆ ದಾಟಿಸಿದವನಿಗೆ
ರಜೆಯಲ್ಲೂ ಹಗ್ಗವೇ?
‘ಮಿಠಾಯಿಯವನು ಇನ್ನೊಬ್ಬನ ಅಂಗಡಿಗೆ
ಹೋಗಬಾರದೇನು?’ ಅಂದ.

ಗಾಜಿನ ಡಬ್ಬಿ, ಮೆತ್ತನೆಯ ಸೀಟು.
ಕೂತವನ ಬಲಗೈ ತೊಡೆಯ ಪಕ್ಕದಲ್ಲಿ
ಏನನ್ನೋ ತಡಕಿತು,
ಇಲ್ಲದ ಹಿಡಿಕೆಯನ್ನು.
ನೋಡದವಳಂತೆ ನಾನು ಕೆಳಗೆ ನೋಡಿದೆ:
ಬಂದರು, ಕ್ರೇನುಗಳು, ಕಿತ್ತಳೆಯ ತೋಟ,
ಒಣಹಾಕಿದ ಯಾರದೋ ಕೆಂಪು ಲಂಗ.

ನಡುದಾರಿಯಲ್ಲಿ ನಿಂತಿತು.
ಗಾಳಿಗೆ ತೊಟ್ಟಿಲಾಯಿತು ಡಬ್ಬಿ.
ಎದುರಿನ ಹೊಸ ಮದುವಣಗಿತ್ತಿ ಗಂಡನ ತೋಳು ಹಿಡಿದಳು,
ಗಂಡ ಕಂಬಿ ಹಿಡಿದ.
ನುಗ್ಜಾರ್ ತಲೆ ವಾಲಿಸಿ ಹಗ್ಗದ ಸದ್ದು ಕೇಳಿದ,
ವೈದ್ಯರು ಎದೆಬಡಿತ ಕೇಳುವಂತೆ.
‘ಮೇಲೆ ಯಾವುದೋ ಅಜ್ಜಿ
ಇಳಿಯಲು ಹೊತ್ತು ಮಾಡುತ್ತಿದ್ದಾಳೆ. ಎರಡು ನಿಮಿಷ.’
ಎರಡೂ ಆಗಲಿಲ್ಲ, ಹೊರಟಿತು.
ಆ ಹುಡುಗ ಅವನ ಬೊಗಸೆಗೆ
ಸೂರ್ಯಕಾಂತಿ ಬೀಜ ಸುರಿದ, ಕಾಣಿಕೆಯ ಹಾಗೆ.

ಮೇಲಿನ ಕಾಫಿ ಕೆಟ್ಟದ್ದು, ಅದರ ಬೆಲೆ ಇನ್ನೂ ಕೆಟ್ಟದ್ದು.
ಆದರೂ ಒಂದು ಗಂಟೆ ಕೂತೆವು.
ಅಲ್ಲೇ ಕೇಳಿದ, ಲೋಟದೊಳಗೆ ನೋಡುತ್ತ:
‘ಆ ವರ್ಷ ಪ್ರತಿ ಗುರುವಾರ
ನನ್ನ ಗಾಡಿ ಹತ್ತುತ್ತಿದ್ದೆಯಲ್ಲ,
ಆಚೆ ಬದಿಯಲ್ಲಿ ನಿನಗೇನು ಕೆಲಸವಿತ್ತು?’
ಮೂವತ್ತೆಂಟು ವರ್ಷದ ಮೇಲೆ!
‘ಉಪ್ಪು ತರೋಕೆ’ ಅಂದೆ.
‘ಉಪ್ಪು ಈಚೆಗೂ ಸಿಗುತ್ತಿತ್ತು.’
‘ಆಚೆಯದು ಇನ್ನೂ ಉಪ್ಪಾಗಿತ್ತು.’

ಸಂಜೆ ಕಡಲ ದಾರಿಯ ಬೆಂಚಿನಲ್ಲಿ
ಹತ್ತು ವರ್ಷದ ಪೋರನೊಬ್ಬ ಚದುರಂಗದಲ್ಲಿ
ಅವನನ್ನು ಸೋಲಿಸಿದ. ಎರಡು ಸಲ.
ಮೂರನೆಯ ಆಟದ ನಡುವೆ ಪೋರನ ಅಮ್ಮ ಊಟಕ್ಕೆ ಕರೆದಳು.
‘ಬಚಾವಾದ’ ಅಂದ ನುಗ್ಜಾರ್, ನನ್ನ ಕಡೆ ತಿರುಗಿ.

ರಾತ್ರಿ ಖಿಂಕಾಲಿ.
ಬಿಸಿ ಸಾರು ಬಚ್ಚಿಟ್ಟ ನೆರಿಗೆಯ ಗಂಟುಗಳು.
ಜುಟ್ಟು ಹಿಡಿದೆತ್ತಿ, ಬುಡ ಕಚ್ಚಿ,
ಮೊದಲು ಸಾರು ಹೀರಬೇಕು, ಚೆಲ್ಲಿದರೆ ಮರ್ಯಾದೆ ಹೋಯಿತು.
ಜುಟ್ಟು ತಿನ್ನುವುದಿಲ್ಲ; ತಟ್ಟೆಯಲ್ಲೇ ಬಿಡುತ್ತೇವೆ
ಲೆಕ್ಕಕ್ಕೆ, ಜಂಬಕ್ಕೆ.
ವೈದ್ಯರು ಅವನಿಗೆ ಆರು ಅಂದಿದ್ದರು.
ನಾನು ಕೈ ತೊಳೆದು ಬರುವಷ್ಟರಲ್ಲಿ
ಅವನ ತಟ್ಟೆಯಲ್ಲಿ ಐದು ಜುಟ್ಟು,
ನನ್ನದರಲ್ಲಿ ಹದಿನಾಲ್ಕು.
ಬಡಿಸುವ ಹುಡುಗ ಕಣ್ಣರಳಿಸಿ
‘ಭೇಷ್ ಅಜ್ಜಿ!’ ಅಂದ.
ಪಕ್ಕದ ಮೇಜಿನವರು ನನ್ನ ಹೆಸರಿಗೆ ಗ್ಲಾಸು ಎತ್ತಿದರು.
ಎದ್ದು ನಿಂತು, ಎದೆಗೆ ಕೈಯಿಟ್ಟು, ಸ್ವೀಕರಿಸಿದೆ.
ಗಂಡ ಗೋಡೆಯ ಮೇಲಿನ ಮೀನಿನ ಚಿತ್ರದಲ್ಲಿ ಮುಳುಗಿದ್ದ,
ಗಲ್ಲದ ಮೇಲೊಂದು ಹನಿ ಸಾರು.

ಕೋಣೆಗೆ ದೂರದ ದಾರಿ ಹಿಡಿದೆವು.
‘ನಾಳೆ ಏನಿದೆ ತ್ಸಿಯಾಲಾ?’
‘ಏನೂ ಇಲ್ಲ.’
ಸ್ವಲ್ಪ ಹೊತ್ತು ಯೋಚಿಸಿ ಅಂದ:
‘ಹಾಗಾದರೆ ಬೇಗ ಏಳೋಣ.’